ಬೆಲ್ಲದ ಮಂಡಿಯ ಝಕಾತ್ ಲೆಕ್ಕ: ನನ್ನ ಅನುಭವ

ಮಂಡ್ಯದಲ್ಲಿ ಬೆಲ್ಲದ ಮಂಡಿ ನಡೆಸುವ ನನಗೆ ಝಕಾತ್ (ಉಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ತಮ್ಮ ಸಂಪತ್ತಿನ ನಲವತ್ತರಲ್ಲೊಂದು ಪಾಲನ್ನು ಕೊಡಲೇಬೇಕಾದ ಧಾರ್ಮಿಕ ಹೊಣೆ) ಎಂದರೆ ಮೊದಲು ಲೆಕ್ಕ, ಆಮೇಲೆ ಕೊಡುವ ಮಾತು. ಅಂದಾಜಿನಲ್ಲಿ ಒಂದಿಷ್ಟು ಹಂಚಿದರೆ ಅದು ದಾನವಾದೀತೇ ಹೊರತು ಕಡ್ಡಾಯದ ಹೊಣೆ ತೀರಿತೆಂದು ಹೇಳಲಾಗದು. ಆ ನಲವತ್ತರಲ್ಲೊಂದು ಪಾಲು ಬಡವರ ಹಕ್ಕು, ಅದು ಸೇರಬೇಕಾದವರಿಗೆ ಸೇರುವವರೆಗೆ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ ಅಷ್ಟೇ ಎಂದು ನಾನು ನಂಬಿದ್ದೇನೆ.

ನನ್ನ ಸಂಪತ್ತು ಮೊದಲ ಬಾರಿಗೆ ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮಿತಿ) ಮುಟ್ಟಿದ್ದು ರಂಜಾನ್‌ಗೆ ಮುಂಚಿನ ಶಾಬಾನ್ ತಿಂಗಳಲ್ಲಿ. ಆದ್ದರಿಂದ ನನ್ನ ಲೆಕ್ಕದ ದಿನ ಮಾರ್ಚ್ 31 ಅಲ್ಲ, ಪ್ರತಿ ಚಾಂದ್ರವರ್ಷದ ಆ ದಿನವೇ. ಇಸ್ಲಾಮಿನ ಹನಫಿ ನ್ಯಾಯಪಂಥವನ್ನು ಅನುಸರಿಸುವ ನಾವು ನಗದಿಗೂ ವ್ಯಾಪಾರದ ಸರಕಿಗೂ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯನ್ನು ಮಿತಿಯಾಗಿ ಹಿಡಿಯುತ್ತೇವೆ. ಅಂದು ಗುಮಾಸ್ತರನ್ನು ಕರೆದುಕೊಂಡು ಗೋದಾಮಿಗೆ ಹೋಗಿ, ರೈತರು ಮಾರಾಟಕ್ಕೆಂದು ತಂದಿಳಿಸಿದ ಮಾಲು ನನ್ನದಲ್ಲವಾದ್ದರಿಂದ ಅದನ್ನು ಬಿಟ್ಟು, ನಾನೇ ಖರೀದಿಸಿಟ್ಟ ಅಚ್ಚುಬೆಲ್ಲ, ಉಂಡೆಬೆಲ್ಲಗಳನ್ನು ಮಾತ್ರ ಬರೆದುಕೊಳ್ಳುತ್ತೇನೆ. ಬೆಲೆ ಕಟ್ಟುವುದು ಕೊಂಡ ದರದಲ್ಲಲ್ಲ, ಅಂದಿನ ಮಾರುಕಟ್ಟೆ ದರದಲ್ಲಿ. ತೇವ ಹಿಡಿದು ನೀರು ಬಿಟ್ಟ ಬೆಲ್ಲಕ್ಕೆ ನಿಜವಾಗಿ ಎಷ್ಟು ಸಿಕ್ಕೀತೋ ಅಷ್ಟೇ. ತಕ್ಕಡಿ, ಟೆಂಪೊ, ಕಟ್ಟಡ ಲೆಕ್ಕಕ್ಕೆ ಬರುವುದಿಲ್ಲ. ನಗದು, ಬ್ಯಾಂಕಿನ ಹಣ, ಆಲೆಮನೆಯವರಿಗೆ ಕೊಟ್ಟ ಸಾಲ, ಅಂಗಡಿಗಳಿಂದ ವಸೂಲಾಗುವ ಬಾಕಿ ಇವನ್ನು ಸೇರಿಸಿ, ಸದ್ಯ ನಾನು ತೀರಿಸಬೇಕಾದ ಸಾಲ ಕಳೆದು, ಉಳಿದ ಪ್ರತಿ ಲಕ್ಷಕ್ಕೆ 2,500 ರೂಪಾಯಿ ಎತ್ತಿಡುತ್ತೇನೆ. ಹೆಂಡತಿಯ ಚಿನ್ನ ಅವಳ ಆಸ್ತಿ, ಅದರ ಲೆಕ್ಕ ಬೇರೆ.

ನನಗೆ ಹೆಚ್ಚು ತಿಳಿವಳಿಕೆ ಕೊಟ್ಟದ್ದು ಬಾಕಿಯ ಪ್ರಶ್ನೆ. ವ್ಯಾಪಾರ ನೆಲಕಚ್ಚಿದ ಒಬ್ಬ ಚಿಲ್ಲರೆ ಅಂಗಡಿಯವರ ಬಾಕಿಯನ್ನು ಮನ್ನಾ ಮಾಡಿ, ಅದನ್ನೇ ಝಕಾತ್ ಎಂದು ಬರೆದುಕೊಳ್ಳಬಹುದೇ ಎಂದು ನಮ್ಮ ಮಸೀದಿಯ ಮೌಲಾನಾರನ್ನು ಕೇಳಿದೆ. ಆಗದು ಎಂದರು, ಹಣ ಬಡವರ ಕೈಸೇರಿ ಅವರ ಒಡೆತನಕ್ಕೆ ಬರಬೇಕು. ಹಾಗಾಗಿ ಹಣವನ್ನು ಅವರ ಕೈಗೇ ಕೊಟ್ಟೆ. ಅದರಿಂದ ನನ್ನ ಬಾಕಿ ತೀರಿಸಬೇಕೆಂಬ ಷರತ್ತು ಹಾಕಲಿಲ್ಲ. ಅವರು ಮೊದಲು ಅಂಗಡಿಯ ಬಾಡಿಗೆ ಕಟ್ಟಿದರು. ಅದು ನ್ಯಾಯವೇ ಆಗಿತ್ತು, ಏಕೆಂದರೆ ಯಾವುದು ತುರ್ತು ಎಂದು ತೀರ್ಮಾನಿಸುವ ಅಧಿಕಾರ ಒಡೆತನದ ಜೊತೆಗೇ ಬರುತ್ತದೆ.

ಕುರ್‌ಆನ್‌ನ ಅತ್ತೌಬಾ ಅಧ್ಯಾಯದ 60ನೇ ವಚನ ಝಕಾತ್ ಪಡೆಯಬಹುದಾದವರೆಂದು ಹೆಸರಿಸುವ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ತಂದೆತಾಯಿಗೆ, ಮಕ್ಕಳಿಗೆ ಕೊಡುವಂತಿಲ್ಲ. ಬಡತನದಲ್ಲಿರುವ ತಂಗಿಗೆ, ಚಿಕ್ಕಪ್ಪನಿಗೆ ಕೊಡಬಹುದು. ಕೊಡುವಾಗ ಇದು ಝಕಾತ್ ಎಂದು ಹೇಳಬೇಕಾಗಿಲ್ಲ, ನಮ್ಮ ಮನಸ್ಸಿನಲ್ಲಿ ನಿಯ್ಯತ್ (ಸಂಕಲ್ಪ) ಇದ್ದರೆ ಸಾಕು. ಮಾನಕ್ಕೆ ಅಂಜುವ ಬಂಧುಗಳ ವಿಷಯದಲ್ಲಿ ಈ ನಿಯಮ ಎಷ್ಟು ದೊಡ್ಡ ಕರುಣೆಯೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಂಡಿಯ ಹಮಾಲರಲ್ಲಿ ಹೆಚ್ಚಿನವರು ಮುಸ್ಲಿಮರಲ್ಲ. ಅವರ ಮನೆಯ ಕಾಯಿಲೆಗೆ, ಮಕ್ಕಳ ಫೀಸಿಗೆ ಸದಖಾ (ಸ್ವಇಚ್ಛೆಯ ದಾನ) ಹಣವನ್ನು ಬೇರೆಯಾಗಿಯೇ ಇಟ್ಟಿರುತ್ತೇನೆ.

ನೂರಾರು ಜನರನ್ನು ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ ಪುಡಿಗಾಸು ಹಂಚುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಕೆಲವೇ ಮನೆಗಳಿಗೆ ಅವರ ಅಗತ್ಯ ನೀಗುವಷ್ಟನ್ನು ನಾನೇ ಹೋಗಿ ತಲುಪಿಸುತ್ತೇನೆ, ಅದೂ ರಂಜಾನ್ ಚಂದ್ರ ಕಾಣುವ ಮೊದಲೇ, ಉಪವಾಸದ ತಿಂಗಳಿಗೆ ಬೇಕಾದ ದಿನಸಿಯನ್ನು ಅವರು ಮುಂಚಿತವಾಗಿ ಕೊಳ್ಳಲು ಸಾಧ್ಯವಾಗುವಂತೆ.