ಓಣಿಗೊಂದು ತಿಪ್ಪೆ ಮಾಡುವುದು ಹೇಗೆ?

ತಿಪ್ಪೆ ಅಂದರೆ ಈಗ ಬೈಗುಳ. ಅಜ್ಜನ ಕಾಲದಲ್ಲಿ ಹಾಗಿರಲಿಲ್ಲ. ವಿಜಯಪುರದ ಸುತ್ತಲಿನ ಹಳ್ಳಿಗಳಲ್ಲಿ ತಿಪ್ಪೆ ದೊಡ್ಡದಿದ್ದವನ ಹೊಲ ಗಟ್ಟಿ ಅಂತ ಲೆಕ್ಕ. ಸಗಣಿ, ಬೂದಿ, ಕಾಯಿಪಲ್ಯೆ ಸಿಪ್ಪೆ ಎಲ್ಲ ಅಲ್ಲಿಗೇ. ಬೇಸಿಗೆಯಲ್ಲಿ ಬಂಡಿ ಹೂಡಿ ಹೊಲಕ್ಕೆ ಹೇರುತ್ತಿದ್ದರು. ಪೇಟೆಗೆ ಬಂದ ನಾವು ಅದೇ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಖಾಲಿ ಸೈಟಿಗೆ ಎಸೆಯುತ್ತೇವೆ. ಬೀದಿ ಆಕಳು ಚೀಲದ ಸಮೇತ ತಿನ್ನುತ್ತದೆ.

ಮನೆಗೊಂದು ಗೊಬ್ಬರದ ಡಬ್ಬಿ ಇಡಿ ಎನ್ನುವವರು ಬಹಳ. ನನ್ನ ಪ್ರಕಾರ ಅದು ಮೂರು ವಾರದ ಉತ್ಸಾಹ. ಹುಳ ಕಂಡ ದಿನ ಡಬ್ಬಿ ಮೂಲೆ ಸೇರುತ್ತದೆ. ಹತ್ತು-ಹನ್ನೆರಡು ಮನೆ ಕೂಡಿ ಒಂದೇ ತಿಪ್ಪೆ ಮಾಡಿದರೆ ಬಾಳಿಕೆ ಜಾಸ್ತಿ. ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು ನೋಡುತ್ತಾರೆ. ರಾಶಿ ದೊಡ್ಡದಿದ್ದಷ್ಟೂ ಒಳಗೆ ಕಾವು ಏರುತ್ತದೆ, ಬೇಗ ಕೊಳೆಯುತ್ತದೆ.

ಮೊದಲು ತೂಕ, ಆಮೇಲೆ ಮಾತು

ಮೀಟಿಂಗ್ ಕರೆಯಬೇಡಿ. ಭಾಷಣ ಆಗುತ್ತದೆ, ಚಹಾ ಆಗುತ್ತದೆ, ಕೆಲಸ ಆಗುವುದಿಲ್ಲ. ಒಂದು ವಾರ ನಿಮ್ಮ ಮನೆಯ ಹಸಿ ಕಸ, ಒಣ ಕಸ ಬೇರೆ ಮಾಡಿ ತೂಗಿ ನೋಡಿ. ನಮ್ಮ ಮನೆಯಲ್ಲಿ ಐದು ಜನ. ದಿನಕ್ಕೆ ಮುಕ್ಕಾಲು ಕಿಲೋ ಹಸಿ ಕಸ ಬಂತು. ಹನ್ನೆರಡು ಮನೆಗೆ ಒಂಬತ್ತು ಕಿಲೋ. ಸಂಜೆ ಕಟ್ಟೆಯ ಮೇಲೆ ಕೂತಾಗ ಈ ಲೆಕ್ಕ ಹೇಳಿ, ಸಾಕು.

ಎಲ್ಲರೂ ಒಪ್ಪುತ್ತಾರೆ. ಜಾಗ ಎಲ್ಲಿ ಎಂದ ಕೂಡಲೇ ‘ನಮ್ಮ ಮನಿ ಮುಂದ ಮಾತ್ರ ಬ್ಯಾಡ್ರಿ’ ಎನ್ನುತ್ತಾರೆ. ಅದಕ್ಕೇ ನಮ್ಮ ಕಂಪೌಂಡಿನ ಒಳಗೇ ಜಾಗ ಕೊಟ್ಟು ಶುರು ಮಾಡಿದೆ. ಪಾರ್ಕಿನಲ್ಲಿ ಮಾಡುವುದಾದರೆ ಮಹಾನಗರ ಪಾಲಿಕೆಯ ಒಪ್ಪಿಗೆ ಬೇಕು, ಖಾಲಿ ಸೈಟಾದರೆ ಮಾಲೀಕರದು.

ಮೂರು ಅಂಕಣ

ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಮೂರು ಅಂಕಣ ಕಟ್ಟಿ. ಇಟ್ಟಿಗೆಗಳ ನಡುವೆ ಗಾಳಿಯಾಡಲು ಸಂದು ಬಿಡಿ. ಕೆಳಗೆ ಕಾಂಕ್ರೀಟ್ ಬೇಡ, ಮಣ್ಣೇ ಇರಲಿ. ಬೇವಿನ ನೆರಳು ಸಿಕ್ಕರೆ ಪುಣ್ಯ. ಹನ್ನೆರಡು ಮನೆಯ ಕಸಕ್ಕೆ ಒಂದು ಅಂಕಣ ತುಂಬಲು ಸುಮಾರು ಒಂದು ತಿಂಗಳು. ಮೂರನೆಯದು ತುಂಬುವಷ್ಟರಲ್ಲಿ ಮೊದಲನೆಯದು ಮಾಗಿರುತ್ತದೆ.

ತಿಪ್ಪೆಯ ಗುಟ್ಟು ಇರುವುದು ಒಣ ಎಲೆಯಲ್ಲಿ. ತಳಕ್ಕೆ ಒಂದು ಗೇಣು ಒಣ ಎಲೆ ಹಾಕಿ. ದಿನವೂ ಒಂದು ಬುಟ್ಟಿ ಹಸಿ ಕಸ ಸುರಿದರೆ ಅದರ ಮೇಲೆ ಒಂದು ಬುಟ್ಟಿ ಒಣ ಎಲೆ. ಶೇಂಗಾ ಸಿಪ್ಪೆ, ತೊಗರಿ ಹೊಟ್ಟು ಕೂಡ ನಡೆಯುತ್ತದೆ. ಯುಗಾದಿಗೆ ಮುಂಚೆ ಬೇವು ಎಲೆ ಉದುರಿಸುವಾಗ ವರ್ಷಕ್ಕಾಗುವಷ್ಟು ಚೀಲ ತುಂಬಿಟ್ಟುಕೊಳ್ಳಿ. ನಮ್ಮಲ್ಲಿ ಅದನ್ನು ಗುಡಿಸಿ ಬೆಂಕಿ ಹಚ್ಚುವುದೇ ರೂಢಿ. ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ದಂಡ ಬಿಡಿ, ಸುಡುವುದು ಗೊಬ್ಬರವನ್ನೇ ಅಲ್ವಾ?

ಮೊದಲ ಸಲ ಒಂದು ಬಕೆಟ್ ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿ. ವಾರಕ್ಕೊಮ್ಮೆ ಸಲಾಕೆಯಿಂದ ತಿರುವಿ. ಒಳಗಿನ ಕಾವು 55-60 ಡಿಗ್ರಿ ಮುಟ್ಟುತ್ತದೆ, ಚಳಿಗಾಲದ ಬೆಳಿಗ್ಗೆ ಕೆದರಿದರೆ ಹಬೆ ಏಳುತ್ತದೆ. ಎಲುಬು, ಮೀನು, ಕರಿದ ಎಣ್ಣೆ ಬೇಡ. ಇಲಿ, ನಾಯಿ ಬರುತ್ತವೆ. ದೇವರ ಹೂವಿನ ಮಾಲೆ ಹಾಕಬಹುದು, ದಾರ ಬಿಚ್ಚಿ.

ಹಿಡಿಯಷ್ಟು ತೆಗೆದು ಹಿಂಡಿ ನೋಡಿ. ಎರಡು ಹನಿ ಬಂದರೆ ಸರಿ. ನೀರು ಸುರಿದರೆ ಒಣ ಎಲೆ ಕಮ್ಮಿ. ಪುಡಿಪುಡಿ ಉದುರಿದರೆ ನೀರು ಕಮ್ಮಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ತಿಪ್ಪೆ ಒಣಗಿ ಸುಮ್ನೆ ಮಲಗಿಬಿಡುತ್ತದೆ. ಹಸಿ ಗೋಣಿತಟ್ಟು ಹೊದಿಸಿ. ಮಳೆಗಾಲಕ್ಕೆ ಮೇಲೊಂದು ತಗಡು. ನಾನು ಮೊದಲ ವರ್ಷ ತಗಡು ಮರೆತೆ. ನಾಲ್ಕು ದಿನ ಬಿಡದೆ ಮಳೆ. ಐದನೇ ದಿನ ಇಡೀ ಓಣಿ ಮೂಗು ಮುಚ್ಚಿಕೊಂಡು ನಮ್ಮ ಬಾಗಿಲಿಗೆ ಬಂತು. ಮೂರು ಚೀಲ ಒಣ ಎಲೆ ಬೆರೆಸಿ ತಿರುವಿದ ಮೇಲೆ, ಎರಡೇ ದಿನಕ್ಕೆ ವಾಸನೆ ಇಳಿಯಿತು. ಮಾತು ಇಳಿಯಲು ತಿಂಗಳು ಹಿಡಿಯಿತು.

ಭಂಗಾರದವನ ಲೆಕ್ಕ

ನಮ್ಮ ಕಡೆ ಗುಜರಿಗೆ ಭಂಗಾರ ಎನ್ನುತ್ತೇವೆ. ಒಂದು ಮನೆಯ ಎರಡು ಕಿಲೋ ರದ್ದಿಗೆ ಭಂಗಾರದವ ಗಾಡಿ ನಿಲ್ಲಿಸುವುದಿಲ್ಲ. ಹನ್ನೆರಡು ಮನೆಯದನ್ನು ಕೂಡಿಸಿದರೆ ಫೋನ್ ಮಾಡಿದ ಕೂಡಲೇ ಬರುತ್ತಾನೆ. ನಾಲ್ಕು ಗೋಣಿಚೀಲ ತೂಗು ಹಾಕಿ: ರದ್ದಿ ಮತ್ತು ರಟ್ಟು, ಪ್ಲಾಸ್ಟಿಕ್, ಕಬ್ಬಿಣ-ಡಬ್ಬಿ, ಗಾಜು. ಪ್ಲಾಸ್ಟಿಕ್ ತಳದ ತ್ರಿಕೋನದಲ್ಲಿ ಅಂಕಿ ಇರುತ್ತದೆ. 1 ನೀರಿನ ಬಾಟಲಿ, 2 ಶಾಂಪೂ ಬಾಟಲಿ, 5 ಅಡುಗೆಮನೆಯ ಡಬ್ಬಿ. ಇವು ಮಾರಾಟವಾಗುತ್ತವೆ. ಚಿಪ್ಸ್, ಗುಟ್ಕಾ ಚೀಟಿ ಯಾರಿಗೂ ಬೇಡ, ಕಸದ ಗಾಡಿಗೇ ಕೊಡಬೇಕು. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ. ತುದಿಯನ್ನು ಪೂರ್ತಿ ಕತ್ತರಿಸಬೇಡಿ. ಆ ಚೂರು ಸಿಪ್ಪೆ ಜೊತೆ ಸೇರಿ ಕೊನೆಗೆ ಗೊಬ್ಬರದಲ್ಲೇ ಸಿಗುತ್ತದೆ.

ಬಂದ ದುಡ್ಡು ಹಂಚಿಕೊಳ್ಳಬೇಡಿ, ಪಾಲಿಗೆ ಬರುವುದು ಚಿಲ್ಲರೆ. ತಿಪ್ಪೆ ತಿರುವುವವರಿಗೆ ಕೂಲಿಯಾಗಿ ಕೊಡಿ. ಕೆಲಸ ನಿಲ್ಲುವುದಿಲ್ಲ.

ಪ್ಯಾಡ್, ಡೈಪರ್ ಪೇಪರಿನಲ್ಲಿ ಸುತ್ತಿ ಬೇರೆ ಕೊಡಿ. ಇನ್ಸುಲಿನ್ ಸೂಜಿ ಗಟ್ಟಿ ಬಾಟಲಿಗೆ ಹಾಕಿ ಮುಚ್ಚಿ. ಬರಿಗೈಯಲ್ಲಿ ಕಸ ಎತ್ತುವ ಪೌರಕಾರ್ಮಿಕರು ಇನ್ನೂ ಇದ್ದಾರೆ.

ಸೀಮಂತ, ಹುಟ್ಟುಹಬ್ಬದ ಕಸಕ್ಕೆ ಬೇರೆಯೇ ಮದ್ದು. ಪ್ಲಾಸ್ಟಿಕ್ ತಾಟು, ಲೋಟ, ಚಮಚ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಓಣಿಯವರೇ ಕೂಡಿ ನೂರು ಸ್ಟೀಲ್ ತಾಟು, ನೂರು ಲೋಟ ಕೊಂಡು ಒಬ್ಬರ ಮನೆಯಲ್ಲಿ ಇಡಿ. ಬಾಡಿಗೆ ಬೇಡ, ತೊಳೆದು ಎಣಿಸಿ ವಾಪಸ್ ಕೊಟ್ಟರೆ ಸಾಕು.

ಗೊಬ್ಬರ ಹಣ್ಣಾದಾಗ

ಎರಡು-ಎರಡೂವರೆ ತಿಂಗಳಿಗೆ ಮೊದಲ ಅಂಕಣ ಅರ್ಧಕ್ಕಿಂತ ಕೆಳಗೆ ಕುಸಿದಿರುತ್ತದೆ. ಬಣ್ಣ ಕಪ್ಪು, ಮುಟ್ಟಿದರೆ ತಂಪು, ಮೊದಲ ಮಳೆ ಬಿದ್ದ ನೆಲದ ವಾಸನೆ. ಇನ್ನೂ ಬಿಸಿಯಿದ್ದರೆ ಹದಿನೈದು ದಿನ ಬಿಡಿ. ದಪ್ಪ ಜರಡಿಯಲ್ಲಿ ಸೋಸಿ ಮನೆಗೊಂದು ಬಕೆಟ್ ಕೊಡಿ. ಕುಂಡದಲ್ಲಿ ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ. ಜರಡಿಯಲ್ಲಿ ಉಳಿದ ಹಾಲಿನ ಪ್ಯಾಕೆಟ್ ಚೂರುಗಳನ್ನು ಆರಿಸಿ, ಯಾರ ಮನೆಯದು ಎಂದು ಕೇಳಲು ಹೋಗಬೇಡಿ. ಕೊಳೆಯದ ಕಡ್ಡಿ, ಮಾವಿನ ಗೊರಟಗಳನ್ನು ಹೊಸ ಅಂಕಣದ ತಳಕ್ಕೆ ಹಾಕಿ. ಈ ಸಲ ಸಗಣಿ ನೀರು, ಮಜ್ಜಿಗೆ ಬೇಡ. ಆ ಹಳೇ ಕಡ್ಡಿ-ಗೊರಟಗಳೇ ಹೆಪ್ಪು.