ಕಠಿಣ ನಿರ್ಧಾರದ ಮುಂದೆ ಪ್ರಾರ್ಥಿಸುವ ಬಗೆ

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ದುಡಿಯುವ ನರ್ಸ್ ಒಬ್ಬರಿಗೆ ಕುವೈತಿನಲ್ಲಿ ಕೆಲಸ ಸಿಕ್ಕಿದೆ, ಮನೆಯಲ್ಲಿ ವಯಸ್ಸಾದ ತಾಯಿಯಿದ್ದಾರೆ, ತಮ್ಮನ ಓದು ಇನ್ನೂ ಮುಗಿದಿಲ್ಲ ಎಂದುಕೊಳ್ಳೋಣ. ಹೋಗುವುದೂ ಪಾಪವಲ್ಲ, ಉಳಿಯುವುದೂ ಪಾಪವಲ್ಲ. ದೇವರ ಚಿತ್ತವನ್ನು ಅರಸುವ ಪ್ರಾರ್ಥನೆ ಬೇಕಾಗುವುದು ಇಂಥ ಸಂದರ್ಭದಲ್ಲಿಯೇ. ಸುಳ್ಳು ಅನುಭವಪತ್ರ ಮಾಡಿಸಿಕೊಳ್ಳಲೇ ಎಂಬ ಪ್ರಶ್ನೆಗೆ ಹತ್ತು ಆಜ್ಞೆಗಳಲ್ಲಿ ಉತ್ತರ ಆಗಲೇ ಇರುವುದರಿಂದ, ಅದಕ್ಕಾಗಿ ಉಪವಾಸ ಪ್ರಾರ್ಥನೆ ನಡೆಸುವ ಅಗತ್ಯವಿಲ್ಲ.

ಪ್ರಾರ್ಥನೆಗೆ ಕೂರುವ ಮುನ್ನ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ‘ನನ್ನ ಬಾಳಿಗೆ ದಾರಿ ತೋರು’ ಎಂಬುದು ಒಳ್ಳೆಯ ಬೇಡಿಕೆಯೇ. ಆದರೆ ಇಲ್ಲಿ ಬೇಕಾದದ್ದು ‘ಎರಡು ವರ್ಷದ ಈ ಒಪ್ಪಂದಕ್ಕೆ ಮುಂದಿನ ತಿಂಗಳೊಳಗೆ ನಾನು ಸಹಿ ಹಾಕಬೇಕೇ’ ಎಂಬಷ್ಟು ಸ್ಪಷ್ಟವಾದ ಪ್ರಶ್ನೆ. ಸಂಬಳವೆಷ್ಟು, ರಜೆ ಯಾವಾಗ, ತಾಯಿಯನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ವಿಚಾರಿಸಿ ತಿಳಿದಿರಬೇಕು. ಏಜೆನ್ಸಿಗೆ ಒಂದು ಫೋನ್ ಮಾಡಿದರೆ ತಿಳಿಯುವ ವಿಷಯವನ್ನು ದೇವರ ಬಳಿ ಕೇಳುತ್ತಾ ಕೂರುವುದು ಸರಿಯಲ್ಲ.

ಏನನ್ನು ಬೇಡಬೇಕು? ಗಿಬ್ಯೋನ್ ಎಂಬ ಊರಿನಲ್ಲಿ ದೇವರು ಅರಸನಾದ ಸೊಲೊಮೋನನಿಗೆ ಬೇಕಾದದ್ದನ್ನು ಕೇಳಿಕೊಳ್ಳಲು ಹೇಳಿದಾಗ ಅವನು ಯಾವುದೋ ಒಂದು ಸಮಸ್ಯೆಗೆ ಉತ್ತರವನ್ನು ಕೇಳದೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಗುರುತಿಸಬಲ್ಲ ವಿವೇಕವನ್ನು ಬೇಡಿಕೊಂಡನು. ಜ್ಞಾನದ ಕೊರತೆಯಿರುವವರು ದೇವರನ್ನು ಕೇಳಿಕೊಳ್ಳಲಿ, ಆತನು ಹಂಗಿಸದೆ ಧಾರಾಳವಾಗಿ ಕೊಡುತ್ತಾನೆ ಎಂದು ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯವೂ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯನ್ನು ಇದಕ್ಕಾಗಿ ಎತ್ತಿಡಿ. ಇಪ್ಪತ್ತೈದನೆಯ ಕೀರ್ತನೆಯನ್ನು ನಿಧಾನವಾಗಿ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಿಮ್ಮ ಆಸೆಯೇನೆಂದು ಮುಚ್ಚುಮರೆಯಿಲ್ಲದೆ ಹೇಳಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಕೂಡ ಆ ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಮೊದಲು ಕೇಳಿಕೊಂಡು, ಬಳಿಕವೇ ತನ್ನ ಚಿತ್ತವನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದನು. ಅದೂ ಒಂದೇ ಸಲಕ್ಕೆ ಮುಗಿಯಲಿಲ್ಲ; ಮೂರು ಸಲ ಹಾಗೆಯೇ ಪ್ರಾರ್ಥಿಸಿದನೆಂದು ಮತ್ತಾಯನು ಬರೆಯುತ್ತಾನೆ.

ಈ ಒಪ್ಪಿಸುವಿಕೆಯೇ ಇಡೀ ಕ್ರಮದ ಜೀವಾಳ. ಮನಸ್ಸು ಆಗಲೇ ಒಂದು ಕಡೆಗೆ ವಾಲಿಕೊಂಡು, ದೇವರು ಅದಕ್ಕೆ ಮೊಹರು ಒತ್ತಲಿ ಎಂದು ಕಾಯುತ್ತಿದ್ದರೆ, ಎಷ್ಟು ದಿನ ಪ್ರಾರ್ಥಿಸಿದರೂ ನಮಗೆ ಕೇಳಿಸುವುದು ನಮ್ಮದೇ ದನಿ. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾ ಈ ವಿಷಯದಲ್ಲಿ ಬಹಳ ನಿಷ್ಠುರರು. ಆರೋಗ್ಯವಿರಲಿ ಕಾಯಿಲೆಯಿರಲಿ, ಸಿರಿತನವಿರಲಿ ಬಡತನವಿರಲಿ, ಯಾವುದಕ್ಕೂ ಮೊದಲೇ ಅಂಟಿಕೊಳ್ಳದೆ, ತಕ್ಕಡಿಯ ಮುಳ್ಳಿನಂತೆ ಮನಸ್ಸು ನಡುವೆ ನಿಲ್ಲುವವರೆಗೆ ಆಯ್ಕೆಗೆ ಕೈಹಾಕಬಾರದು ಎಂಬುದು ಅವರ ಬೋಧನೆ. ಪೋಪ್ ಮೂರನೆಯ ಪೌಲರು 1548ರಲ್ಲಿ ಅನುಮೋದಿಸಿದ ಅವರ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿ ಇಂದಿಗೂ ಧ್ಯಾನಕೂಟಗಳಲ್ಲಿ ಬಳಕೆಯಲ್ಲಿದೆ. ಪ್ರೊಟೆಸ್ಟೆಂಟರೂ ಅದನ್ನು ಹಿಂಜರಿಕೆಯಿಲ್ಲದೆ ಬಳಸಬಹುದೆಂದು ನನ್ನ ಅಭಿಪ್ರಾಯ. ಮನಸ್ಸು ನಡುವಿಗೆ ಬರಲು ಹೀಗೆ ಪ್ರಾರ್ಥಿಸಬಹುದು:

‘ತಂದೆಯೇ, ಈ ಎರಡು ದಾರಿಗಳಲ್ಲಿ ನನ್ನ ಮನಸ್ಸು ಯಾವುದರ ಕಡೆಗೆ ವಾಲಿದೆಯೆಂದು ನೀನು ಬಲ್ಲೆ, ನಾನೂ ಅದನ್ನು ಮರೆಮಾಡುವುದಿಲ್ಲ. ನನ್ನ ಹಿಡಿತವನ್ನು ಸಡಿಲಗೊಳಿಸು. ನಿನಗೆ ಮೆಚ್ಚಿಕೆಯಾದದ್ದನ್ನು ಕಾಣುವ ವಿವೇಕವನ್ನೂ, ಕಂಡದ್ದನ್ನು ಮಾಡುವ ಧೈರ್ಯವನ್ನೂ ಯೇಸುವಿನ ಹೆಸರಿನಲ್ಲಿ ಬೇಡುತ್ತೇನೆ. ಆಮೆನ್.’

ಇಗ್ನೇಷಿಯಸ್ ಇದನ್ನು ಕಲಿತದ್ದು ಹಾಸಿಗೆ ಹಿಡಿದಾಗ. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಅವರು, ಲೊಯೋಲದ ಮನೆಯಲ್ಲಿ ಚೇತರಿಸಿಕೊಳ್ಳುವಾಗ ಓದಲು ವೀರಕಥೆಗಳನ್ನು ಕೇಳಿದರು. ಅಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಶೌರ್ಯ ಮೆರೆದು ರಾಜಮನೆತನದ ಹೆಣ್ಣೊಬ್ಬಳ ಮೆಚ್ಚುಗೆ ಗಳಿಸುವ ಹಗಲುಗನಸು ಆ ಹೊತ್ತಿಗೆ ಸುಖ ಕೊಟ್ಟರೂ ಆಮೇಲೆ ಮನಸ್ಸನ್ನು ಬರಿದಾಗಿಸುತ್ತಿತ್ತು. ಸಂತರಂತೆ ಬಾಳುವ ಯೋಚನೆಯಾದರೋ ಮುಗಿದ ಮೇಲೂ ನೆಮ್ಮದಿಯನ್ನು ಉಳಿಸುತ್ತಿತ್ತು. ಈ ವ್ಯತ್ಯಾಸವನ್ನು ನೀವೂ ಪರೀಕ್ಷಿಸಬಹುದು. ಮೂರು ನಾಲ್ಕು ದಿನ ‘ಹೋಗುವುದೆಂದು ತೀರ್ಮಾನಿಸಿದ್ದೇನೆ’ ಎಂದೇ ಭಾವಿಸಿಕೊಂಡು, ಯಾರಿಗೂ ಹೇಳದೆ, ಎಂದಿನ ಕೆಲಸಗಳನ್ನು ಮಾಡಿ, ರಾತ್ರಿ ಪ್ರಾರ್ಥನೆಯ ಹೊತ್ತಿನಲ್ಲಿ ಮನಸ್ಸಿನಲ್ಲಿ ಉಳಿದದ್ದೇನೆಂದು ಎರಡು ಸಾಲು ಬರೆಯಿರಿ. ನಂತರ ಅಷ್ಟೇ ದಿನ ‘ಉಳಿಯುತ್ತೇನೆ’ ಎಂಬ ಭಾವನೆಯಲ್ಲಿ ಕಳೆಯಿರಿ. ಬರೆದದ್ದನ್ನು ಓದುವಾಗ ಒಂದು ಎಚ್ಚರ ಬೇಕು: ಕಷ್ಟದಿಂದ ತಪ್ಪಿಸಿಕೊಂಡ ನಿರಾಳವೂ ಮೊದಲ ದಿನ ಸಮಾಧಾನದಂತೆಯೇ ಕಾಣುತ್ತದೆ. ಅಂಥ ನಿರಾಳ ಬೇಗ ಬತ್ತಿಹೋಗುತ್ತದೆ, ಇತರರ ಕಷ್ಟವನ್ನು ನೋಡದಂತೆಯೂ ಮಾಡುತ್ತದೆ.

ಮನಸ್ಸಿನಲ್ಲಿ ಯಾವ ಚಲನೆಯೂ ಕಾಣದಿದ್ದರೆ ಬುದ್ಧಿಯ ದಾರಿ ಹಿಡಿಯಬೇಕು. ಹೋದರೆ ಲಾಭವೇನು, ನಷ್ಟವೇನು. ಉಳಿದರೆ ಲಾಭವೇನು, ನಷ್ಟವೇನು ಎಂದು ನಾಲ್ಕು ಪಟ್ಟಿ ಮಾಡಿ. ಎರಡೇ ಪಟ್ಟಿ ಸಾಕೆನಿಸಬಹುದು, ಆದರೆ ಉಳಿಯುವುದಕ್ಕೂ ಅದರದೇ ಆದ ಬೆಲೆಯಿದೆ ಎಂಬುದು ನಾಲ್ಕರಲ್ಲಿಯೇ ಕಣ್ಣಿಗೆ ಬೀಳುವುದು. ಪಟ್ಟಿಗಳನ್ನು ಮುಂದಿಟ್ಟುಕೊಂಡು ಪ್ರಾರ್ಥಿಸಿ, ಕಾರಣಗಳ ಸಂಖ್ಯೆಗಿಂತ ತೂಕವನ್ನು ನೋಡಿ. ಹಿಂದೆಂದೂ ಕಾಣದ ಒಬ್ಬರು ಇದೇ ಪ್ರಶ್ನೆ ಹೊತ್ತು ಬಂದರೆ ಅವರಿಗೆ ಏನು ಹೇಳುತ್ತಿದ್ದಿರಿ, ಮರಣಶಯ್ಯೆಯಲ್ಲಿ ಯಾವ ಆಯ್ಕೆಯನ್ನು ಮಾಡಿದ್ದರೆ ಚೆನ್ನಾಗಿತ್ತೆನಿಸುತ್ತದೆ ಎಂಬ ಎರಡು ಪ್ರಶ್ನೆಗಳನ್ನೂ ಅದೇ ಕೈಪಿಡಿ ಮುಂದಿಡುತ್ತದೆ.

ಗುರುತುಗಳನ್ನು ಬೇಡುವವರು ಗಿದ್ಯೋನನ ಉಣ್ಣೆಯನ್ನು ನೆನಪಿಸುತ್ತಾರೆ. ಯುದ್ಧಕ್ಕೆ ಮುನ್ನ ಅವನು ಕಣದಲ್ಲಿ ಉಣ್ಣೆಯನ್ನಿಟ್ಟು, ಒಮ್ಮೆ ಅದರ ಮೇಲೆ ಮಾತ್ರ ಮಂಜು ಬೀಳಲಿ, ಇನ್ನೊಮ್ಮೆ ಅದು ಮಾತ್ರ ಒಣಗಿರಲಿ ಎಂದು ದೇವರಲ್ಲಿ ಗುರುತು ಕೇಳಿದ್ದನು. ನ್ಯಾಯಸ್ಥಾಪಕರು ಆರನೆಯ ಅಧ್ಯಾಯವನ್ನು ಓದಿದರೆ, ಮಾಡಬೇಕಾದದ್ದನ್ನು ದೇವರು ಅವನಿಗೆ ಆಗಲೇ ತಿಳಿಸಿಯಾಗಿತ್ತು, ಅವನು ಕೇಳಿದ್ದು ತನ್ನ ಅಂಜಿಕೆಗೆ ಆಸರೆಯನ್ನು ಎಂಬುದು ಗೊತ್ತಾಗುತ್ತದೆ. ಸತ್ಯವೇದವನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ವಚನವನ್ನೇ ಉತ್ತರವೆಂದು ಹಿಡಿಯುವುದು, ಹೊಸ ವರ್ಷದ ಆರಾಧನೆಯಲ್ಲಿ ಸಿಕ್ಕಿದ ವಾಗ್ದಾನ ವಚನದಿಂದ ವೀಸಾದ ತೀರ್ಮಾನ ಮಾಡುವುದು ಇವೆಲ್ಲ ನನಗೆ ಒಪ್ಪಿಗೆಯಾಗುವುದಿಲ್ಲ. ಆ ವಚನ ವರ್ಷವಿಡೀ ಧ್ಯಾನಿಸಲು ಯೋಗ್ಯ. ಚೀಟಿ ಎತ್ತುವ ಕೆಲಸಕ್ಕೆ ಅದನ್ನು ಬಳಸಬಾರದು. ಯೇಸುವನ್ನು ಹಿಡಿದುಕೊಟ್ಟ ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಲು ಅಪೊಸ್ತಲರು ಚೀಟು ಹಾಕಿದ್ದು ನಿಜ, ಆದರೆ ಪವಿತ್ರಾತ್ಮನು ಇಳಿದುಬಂದ ಮೇಲೆ ಅವರು ಮತ್ತೆ ಹಾಗೆ ಮಾಡಿದ್ದು ಕೃತ್ಯಗಳ ಪುಸ್ತಕದಲ್ಲಿ ಕಾಣುವುದಿಲ್ಲ. ಹದಿನೈದನೆಯ ಅಧ್ಯಾಯದ ಹೊತ್ತಿಗೆ ಅವರು ಒಟ್ಟಿಗೆ ಕುಳಿತು ಚರ್ಚಿಸಿ, ‘ಪವಿತ್ರಾತ್ಮನಿಗೂ ನಮಗೂ’ ಸರಿತೋರಿತೆಂದು ಬರೆಯುತ್ತಾರೆ.

ಆದುದರಿಂದ ಒಬ್ಬರ ಬಳಿಯಾದರೂ ಮಾತಾಡಿ. ಸಭಾಪಾಲಕರೋ, ಫಾದರೋ, ನಿಮ್ಮನ್ನು ಬಲ್ಲ ಹಿರಿಯರೋ ಆಗಬಹುದು. ಆದರೆ ನಿಮ್ಮ ತೀರ್ಮಾನದಿಂದ ಅವರಿಗೆ ಲಾಭ ನಷ್ಟ ಇರಬಾರದು. ‘ಹೋಗು ಎಂದು ದೇವರು ನನಗೆ ದರ್ಶನದಲ್ಲಿ ಹೇಳಿದರು’ ಎನ್ನುವವರಿಗೆ ವಂದನೆ ಹೇಳಿ, ಪ್ರಶ್ನೆಗಳನ್ನು ಕೇಳುವವರ ಬಳಿಗೆ ಹೋಗಿ. ತೀರ್ಮಾನದ ಭಾರ ಹೊರಬೇಕಾದ ತಾಯಿಯ ಮಾತನ್ನಂತೂ ಕೇಳಲೇಬೇಕು.

ಗಡುವು ಬಂದಾಗ ತೀರ್ಮಾನಿಸಿ, ಅದನ್ನು ಪ್ರಾರ್ಥನೆಯಲ್ಲಿ ದೇವರ ಮುಂದಿಟ್ಟು, ಆತನ ಸೇವೆಗೆ ಇದು ಮೆಚ್ಚಿಕೆಯಾದರೆ ಸ್ವೀಕರಿಸಿ ದೃಢಪಡಿಸಲಿ ಎಂದು ಬೇಡಿಕೊಳ್ಳಿ. ಸಂಪೂರ್ಣ ಖಾತರಿ ಸಿಗುವವರೆಗೆ ಕಾಯುತ್ತೇನೆಂದರೆ ದಿನಾಂಕ ದಾಟಿಹೋಗುತ್ತದೆ. ಅದೂ ಒಂದು ತೀರ್ಮಾನವೇ, ಪ್ರಾರ್ಥಿಸದೆ ಮಾಡಿದ್ದು. ಕೆಲವು ವಾರಗಳ ಮೇಲೆ ಪ್ರಾರ್ಥನೆ ಒಣಗಿ, ಮನಸ್ಸು ಕುಗ್ಗಿ, ತಪ್ಪು ಮಾಡಿದೆನೇನೋ ಎನಿಸುವುದು ಸಹಜ. ಅಂಥ ಕತ್ತಲೆಯ ಹೊತ್ತಿನಲ್ಲಿ ಹಿಂದಿನ ತೀರ್ಮಾನವನ್ನು ಬದಲಿಸಬಾರದು ಎಂಬುದು ಇಗ್ನೇಷಿಯಸ್‌ರ ಖಚಿತ ನಿಯಮ. ಪ್ರಾರ್ಥನೆಯ ಸಮಯವನ್ನು ಸ್ವಲ್ಪ ಹೆಚ್ಚಿಸಿ, ಮನಸ್ಸು ತಿಳಿಯಾದ ಮೇಲೆ, ಹೊಸ ಸಂಗತಿಯೇನಾದರೂ ಎದುರಾಗಿದ್ದರೆ ಮಾತ್ರ ಪ್ರಶ್ನೆಯನ್ನು ಮತ್ತೆ ತೆರೆಯಬೇಕು.