ಫೆಸ್ ಹಳೇ ಊರಲ್ಲಿ ಮೊದಲ ದಿನ: ಮ್ಯಾಪ್ ಜೇಬಲ್ಲಿಟ್ಟು ಇಳಿಜಾರು ನೋಡ್ಕೊಂಡು ನಡೆಯೋದು ಹೇಗೆ

ಮೊರಾಕ್ಕೊಗೆ ಹೋಗೋ ನಮ್ಮೋರು ಸಾಮಾನ್ಯವಾಗಿ ಕಾಸಾಬ್ಲಾಂಕಾದಲ್ಲಿ ಇಳೀತಾರೆ, ಮರ್ರಾಕೇಶ್ ಸುತ್ತಾಡ್ತಾರೆ, ಸಹಾರಾ ಮರಳಲ್ಲಿ ಒಂಟೆ ಮೇಲೆ ಕೂತು ಫೋಟೊ ತೆಗೆಸ್ಕೋತಾರೆ, ಟೈಮ್ ಉಳಿದ್ರೆ ಫೆಸ್ಸು. ನನ್ನ ಕೇಳಿದ್ರೆ ಇದು ಉಲ್ಟಾ ಆಗ್ಬೇಕು. ಆದ್ರೆ ಫೆಸ್ ನೋಡಿ ಬೈಕೊಂಡು ಬಂದೋರೂ ತುಂಬಾ ಜನ ಇದಾರೆ, ಯಾಕಂದ್ರೆ ಅಲ್ಲಿ ಮೊದಲ ದಿನ ದಾರಿ ತಪ್ಪುತ್ತೆ, ದಾರಿ ತೋರಿಸ್ತೀನಿ ಅಂತ ಬಂದೋರು ದುಡ್ಡು ಕೇಳ್ತಾರೆ, ತಲೆ ಕೆಡುತ್ತೆ. ಆ ಮೊದಲ ದಿನಾನ ಹೇಗೆ ದಾಟೋದು ಅನ್ನೋದಷ್ಟೇ ಈ ಲೇಖನ.

ಫೆಸ್ ಅಂದ್ರೆ ಮೂರು ಊರು ಅಂತ ಇಟ್ಕೊಳ್ಳಿ. 789ರಲ್ಲಿ ಇದ್ರೀಸ್ ದೊರೆ ಶುರು ಮಾಡಿ ಅವನ ಮಗ ಬೆಳೆಸಿದ ಹಳೇ ಊರು ಫೆಸ್ ಅಲ್ ಬಾಲಿ, 1276ರಲ್ಲಿ ಮರೀನಿದ್ ಸುಲ್ತಾನರು ಕಟ್ಟಿದ ಫೆಸ್ ಜ್ದೀದ್, ಆಮೇಲೆ ಫ್ರೆಂಚರು ಬಂದು ಅಗಲ ರೋಡು ಹಾಕಿ ಮಾಡಿದ ಹೊಸ ಊರು. ರೈಲು ಬಂದು ನಿಲ್ಲೋದು ಹೊಸ ಊರಲ್ಲಿ, ನಾವು ನೋಡೋಕ್ ಹೋಗೋದು ಫೆಸ್ ಅಲ್ ಬಾಲಿ. 1981ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ ಅದು. ಊರ ಸುತ್ತಿನ ಗೋಡೆ ಒಳಗೆ ಹೆಚ್ಚಿನ ಕಡೆ ಕಾರಿಲ್ಲ, ಬಸ್ಸಿಲ್ಲ, ಸಾವಿರಗಟ್ಟಲೆ ಗಲ್ಲಿ, ಕೆಲವು ಎಷ್ಟು ಇಕ್ಕಟ್ಟು ಅಂದ್ರೆ ಎದುರಿಂದ ಒಬ್ರು ಬಂದ್ರೆ ನೀವು ಗೋಡೆಗೆ ಒತ್ಕೊಂಡು ಅಡ್ಡಡ್ಡ ನಿಲ್ಬೇಕು. ಚಿಕ್ಕಪೇಟೆ ಗಲ್ಲೀಲಿ ಓಡಾಡಿ ಅಭ್ಯಾಸ ಇರೋರಿಗೆ ಸ್ವಲ್ಪ ಧೈರ್ಯ ಜಾಸ್ತಿ ಇರಬಹುದು, ಆ ಧೈರ್ಯ ಹೆಚ್ಚು ಹೊತ್ತು ಉಳಿಯಲ್ಲ.

ಹೋಗೋಕ್ ಮುಂಚೆ

ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು, ಅದು ಮೊದಲ ಕೆಲಸ. ದುಡ್ಡು ಯೂರೋದಲ್ಲೋ ಡಾಲರಲ್ಲೋ ತಗೊಂಡು ಹೋಗಿ ಅಲ್ಲೇ ದಿರ್ಹಮ್ ಮಾಡಿಸಿ. ಒಂದು ದಿರ್ಹಮ್ಮಿಗೆ ಒಂಬತ್ತು ಹತ್ತು ರೂಪಾಯಿ ಲೆಕ್ಕ ಇಟ್ಕೊಂಡ್ರೆ ಸಾಕು. ಮೊದಲ ನೋಟು ಮುರಿಸಿದ ಕೂಡಲೇ ಚಿಲ್ಲರೆ ಮಾಡ್ಕೊಳ್ಳಿ, ಟೀ, ಟಾಯ್ಲೆಟ್ಟು, ಟ್ಯಾಕ್ಸಿ ಎಲ್ಲದಕ್ಕೂ ಚಿಲ್ಲರೇನೇ ಬೇಕು, ಇನ್ನೂರರ ನೋಟು ಕೊಟ್ರೆ ಅಂಗಡಿಯೋನ ಮುಖ ಸಣ್ಣಗಾಗುತ್ತೆ.

ರೂಮು ಹಳೇ ಊರಿನ ಒಳಗೇ ತಗೊಳ್ಳಿ, ಆದ್ರೆ ಊರ ಗೋಡೆಯ ಯಾವುದಾದ್ರೂ ಬಾಗಿಲ ಹತ್ರ ಇರ್ಲಿ. ನಡುವೆ ಅಂಗಳ, ಸುತ್ತ ರೂಮು ಇರೋ ಹಳೇ ಮನೆಗಳನ್ನೇ ರಿಯಾದ್ ಅಂತ ಕರೆದು ಲಾಡ್ಜ್ ಮಾಡಿರ್ತಾರೆ. ಮುಂಚೆನೇ ಮೆಸೇಜ್ ಹಾಕಿ ‘ಬಾಗಿಲ ಹತ್ರ ಯಾರನ್ನಾದ್ರೂ ಕಳ್ಸಿ’ ಅಂತ ಕೇಳಿ, ಎಷ್ಟೋ ಕಡೆ ಕಳಿಸ್ತಾರೆ. ಇದೊಂದು ಮೆಸೇಜು ಅರ್ಧ ತಲೆನೋವು ಉಳಿಸುತ್ತೆ, ಯಾಕಂದ್ರೆ ಸೂಟ್‌ಕೇಸ್ ಎಳ್ಕೊಂಡು ಗಲ್ಲೀಲಿ ನಿಂತಿರೋ ಮನುಷ್ಯನ್ನ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ ಇವನಿಗೆ ದಾರಿ ಗೊತ್ತಿಲ್ಲ ಅಂತ. ಕೈಗಾಡಿಯೋನು ಲಗೇಜ್ ಮುಟ್ಟೋಕ್ ಮೊದಲೇ ರೇಟು ಮಾತಾಡಿ.

ನೀಲಿ ಬಾಗಿಲಿಂದ ಶುರು

ಬೆಳಿಗ್ಗೆ ಬಾಬ್ ಬೂಜ್ಲೂದ್‌ಗೆ ಬನ್ನಿ. ಫೋಟೊಗಳಲ್ಲಿ ಕಾಣೋ ನೀಲಿ ಕಮಾನು ಇದೇ, ಹೊರಗಡೆಯಿಂದ ನೀಲಿ, ಒಳಗೆ ಹೋಗಿ ತಿರುಗಿ ನೋಡಿದ್ರೆ ಹಸಿರು. ಜನ ಇದನ್ನ ಸಾವಿರ ವರ್ಷದ್ದು ಅಂದ್ಕೋತಾರೆ, ನಿಜ ಹೇಳ್ಬೇಕಂದ್ರೆ 1913ರಲ್ಲಿ ಕಟ್ಟಿದ್ದು, ಪಕ್ಕದಲ್ಲೇ ಇರೋ ಸಣ್ಣ ಹಳೇ ಬಾಗಿಲನ್ನ ಯಾರೂ ನೋಡಲ್ಲ.

ಒಳಗೆ ಹೋದ್ರೆ ಎರಡು ಮುಖ್ಯ ಬೀದಿ, ಎಡಕ್ಕೆ ಹೋದ್ರೆ ತಾಲಾ ಕಬೀರಾ ಸಿಗುತ್ತೆ, ಇನ್ನೊಂದು ತಾಲಾ ಸ್ಗೀರಾ. ಮೊದಲ ದಿನಕ್ಕೆ ತಾಲಾ ಕಬೀರಾ ಒಂದೇ ಸಾಕು. ಈಗ ಮುಖ್ಯ ವಿಷಯ: ಫೋನಿನ ಮ್ಯಾಪು ಇಲ್ಲಿ ಅಷ್ಟಕ್ಕಷ್ಟೇ. ಎತ್ತರದ ಗೋಡೆಗಳ ನಡುವೆ ಆ ನೀಲಿ ಚುಕ್ಕಿ ಪಕ್ಕದ ಗಲ್ಲಿಗೆ ಹಾರುತ್ತೆ, ಇಲ್ಲದ ದಾರಿ ತೋರಿಸುತ್ತೆ, ನೀವು ತಲೆ ತಗ್ಗಿಸಿ ಸ್ಕ್ರೀನ್ ನೋಡ್ತಾ ನಿಂತ್ರೆ ‘ಗೈಡ್ ಬೇಕಾ’ ಅಂತ ಯಾರೋ ಪಕ್ಕ ಬಂದಿರ್ತಾರೆ. ಅದರ ಬದಲು ಕಾಲಿಗೆ ಏನ್ ಗೊತ್ತಾಗುತ್ತೆ ಅದನ್ನ ನಂಬಿ. ಈ ಊರು ಹೊಳೆ ಕಣಿವೇಲಿ ಬೆಳೆದದ್ದು, ಮಧ್ಯ ತಗ್ಗು, ಸುತ್ತ ಎತ್ತರ. ಬೂಜ್ಲೂದ್ ಮೇಲಿದೆ, ಕರವಿಯ್ಯೀನ್ ಮಸೀದಿ, ಸೆಫ್ಫಾರೀನ್ ಚೌಕ, ರ್ಸೀಫ್ ಚೌಕ ಎಲ್ಲ ಕೆಳಗಿವೆ. ಇಳೀತಾ ಹೋದ್ರೆ ಊರ ನಡುವಿಗೆ ಬರ್ತೀರಿ, ಅಲ್ಲಿಂದ ಬೂಜ್ಲೂದ್ ಕಡೆ ಹತ್ತುತಾ ಬಂದ್ರೆ ಬಾಗಿಲಿಗೆ. ಎಡಬಲ ಎಷ್ಟು ಸಲ ತಿರುಗಿದ್ರೂ ಪರವಾಗಿಲ್ಲ, ಗೊಂದಲ ಆದಾಗ ಒಂದು ನಿಮಿಷ ನಿಂತು ನೆಲ ಎಲ್ಲಿಗೆ ಇಳೀತಿದೆ ನೋಡಿ, ಜನ ಜಾಸ್ತಿ ಯಾವ ಕಡೆ ಹೋಗ್ತಿದಾರೆ ನೋಡಿ. ಜನ ಕಮ್ಮಿಯಾಗಿ ಬರೀ ಮನೆ ಬಾಗಿಲು ಕಾಣ್ತಿವೆ ಅಂದ್ರೆ ಮುಂದೆ ಗಲ್ಲಿ ಮುಚ್ಚಿದೆ ಅಂತ ಅರ್ಥ, ವಾಪಸ್ ಬನ್ನಿ. ಗೋಡೆ ಮೇಲೆ ಬೇರೆ ಬೇರೆ ಬಣ್ಣದ ಟೂರಿಸ್ಟ್ ಬೋರ್ಡುಗಳೂ ಇವೆ, ಒಂದು ಬಣ್ಣ ಹಿಡಿದು ಹೋಗಬಹುದು.

ಹಿಂದೆಯಿಂದ ‘ಬಾಲಾಕ್, ಬಾಲಾಕ್’ ಅಂತ ಕೂಗು ಕೇಳಿದ್ರೆ ತಿರುಗಿ ನೋಡೋಕೆ ನಿಲ್ಲಬೇಡಿ, ಮೊದಲು ಗೋಡೆಗೆ ಸರೀರಿ. ಹೇಸರಗತ್ತೆ ಬರ್ತಿರುತ್ತೆ, ಬೆನ್ನ ಎರಡೂ ಕಡೆ ಗ್ಯಾಸ್ ಸಿಲಿಂಡರೋ, ಹಸಿ ಚರ್ಮದ ಕಟ್ಟೋ, ಕೋಕ ಕೋಲಾ ಕ್ರೇಟೋ ನೇತಾಡ್ತಿರುತ್ತೆ, ಇಳಿಜಾರಲ್ಲಿ ಅದಕ್ಕೆ ಬ್ರೇಕ್ ಇಲ್ಲ. ಕ್ಯಾಮೆರಾ ಬ್ಯಾಗು ಹೆಗಲಿಂದ ಮುಂದಕ್ಕೆ ಹಾಕ್ಕೊಳ್ಳಿ.

ಬೀದಿ ಮೇಲ್ಗಡೆನೇ ಬೂ ಇನಾನಿಯಾ ಮದರಸಾ ಬಲಕ್ಕೆ ಸಿಗುತ್ತೆ, 1350ರ ದಶಕದ್ದು, ಟಿಕೆಟ್ ತಗೊಂಡು ಒಳಗೆ ಹೋಗಿ, ಮರದ ಕೆತ್ತನೆ ಕೆಳಗೆ ಗಾರೆ ಕೆತ್ತನೆ, ಅದರ ಕೆಳಗೆ ಟೈಲ್ಸ್. ಇಲ್ಲಿ ಅರ್ಧ ಗಂಟೆ ಕೂತ್ರೂ ನಷ್ಟ ಇಲ್ಲ. ಹೊರಗೆ ಬಂದು ಎದುರುಗಡೆ ಗೋಡೆ ಮೇಲೆ ನೋಡಿದ್ರೆ ಸಾಲು ಕಿಟಕಿ, ಹೊರಚಾಚಿದ ಮರದ ತೊಲೆಗಳು, ಅದು 1357ರ ನೀರಿನ ಗಡಿಯಾರ, ಈಗ ನಡೆಯಲ್ಲ. ಕೆಳಗಿರೋ ಕರವಿಯ್ಯೀನ್ ಮಾತ್ರ ಮುಸ್ಲಿಮರಲ್ಲದೋರಿಗೆ ಒಳಗೆ ಬಿಡಲ್ಲ. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಅನ್ನೋ ಹೆಂಗಸು ಕಟ್ಟಿಸಿದ್ದು ಅಂತ ಪ್ರತೀತಿ, ಜಗತ್ತಿನ ಅತೀ ಹಳೇ ವಿದ್ಯಾಪೀಠಗಳಲ್ಲಿ ಒಂದು ಅಂತಾರೆ. ಬಾಗಿಲು ತೆಗೆದಿದ್ರೆ ಹೊರಗೆ ನಿಂತೇ ಅಂಗಳ ಕಾಣುತ್ತೆ, ಅಷ್ಟಕ್ಕೆ ತೃಪ್ತಿ ಪಟ್ಕೊಳ್ಳಿ, ನಮಾಜ್ ಮಾಡೋರ ಮುಖಕ್ಕೆ ಕ್ಯಾಮೆರಾ ಹಿಡೀಬೇಡಿ.

ರೋಡ್ ಕ್ಲೋಸ್ ಅನ್ನೋರು

‘ಈ ರೋಡ್ ಕ್ಲೋಸ್ ಆಗಿದೆ’, ‘ಚರ್ಮ ಹದ ಮಾಡೋ ಜಾಗ ಇವತ್ತೊಂದಿನ ಮಾತ್ರ ಓಪನ್ನು’, ‘ನಿಮ್ ರಿಯಾದಲ್ಲೇ ನಾನು ಕೆಲಸ ಮಾಡೋದು’. ಮೂರೂ ಹಳೇ ಡೈಲಾಗು. ಜಗಳ ಬೇಡ, ಉಪನ್ಯಾಸವೂ ಬೇಡ, ನಗ್ತಾ ‘ಲಾ ಶುಕ್ರನ್’, ಅಂದ್ರೆ ಬೇಡ ಥ್ಯಾಂಕ್ಸ್, ಅಂದು ನಡೀತಾ ಇರಿ, ನಿಲ್ಲದೇ ಇರೋದು ಮುಖ್ಯ. ನಿಜವಾಗ್ಲೂ ದಾರಿ ಬೇಕಾದ್ರೆ ಅಂಗಡಿ ಒಳಗೆ ಕೂತಿರೋರನ್ನ ಕೇಳಿ, ಅವರು ಅಂಗಡಿ ಬಿಟ್ಟು ನಿಮ್ ಹಿಂದೆ ಬರೋಕಾಗಲ್ಲ. ಇನ್ನೊಂದು, ಇಂಡಿಯಾ ಅಂತ ಗೊತ್ತಾದ ತಕ್ಷಣ ‘ಶಾರುಖ್ ಖಾನ್, ಅಮಿತಾಭ್’ ಅಂತ ಶುರು ಮಾಡ್ತಾರೆ, ಹಿಂದಿ ಸಿನಿಮಾ ಹುಚ್ಚು ಅಲ್ಲಿ ನಿಜವಾಗ್ಲೂ ಇದೆ, ಎಲ್ಲರೂ ವ್ಯಾಪಾರಕ್ಕೇ ಹೇಳ್ತಾರೆ ಅಂತಲ್ಲ, ಎರಡು ಮಾತಾಡಿದ್ರೆ ನಷ್ಟ ಇಲ್ಲ.

ಹೊಟ್ಟೆ ಪಾಡು

ಸಸ್ಯಾಹಾರಿಗಳು ಹರೀರಾ ಸೂಪು, ಕುಸ್ಕುಸ್ ವಿಷಯದಲ್ಲಿ ಹುಷಾರು, ಮೇಲೆ ತರಕಾರಿ ಕಂಡ್ರೂ ರಸ ಮಾಂಸದ್ದೇ ಇರುತ್ತೆ ಹೆಚ್ಚಾಗಿ. ‘ಬ್ಲಾ ಲ್ಹಮ್’, ಅಂದ್ರೆ ಮಾಂಸ ಹಾಕಬೇಡಿ ಅಂತ ಕೇಳಿ. ಬೆಳಿಗ್ಗೆ ಹೊತ್ತು ಬಿಸ್ಸಾರಾ ಹುಡುಕಿ, ಒಣ ಬೀನ್ಸ್ ಬೇಯಿಸಿ ಅರೆದ ಗಟ್ಟಿ ಸೂಪು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ, ಜೊತೆಗೆ ದುಂಡನೆ ರೊಟ್ಟಿ. ಬದನೆಕಾಯಿ ಸುಟ್ಟು ಮಾಡೋ ಝಾಲೂಕ್ ನಮ್ ನಾಲಿಗೆಗೆ ಸೀದಾ ಒಗ್ಗುತ್ತೆ. ಟೀಗೆ ಸಕ್ಕರೆ ಕಮ್ಮಿ ಬೇಕಾದ್ರೆ ಮೊದಲೇ ಹೇಳ್ಬೇಕು.

ಚರ್ಮದ ಗುಂಡಿಗಳು

ಸೆಫ್ಫಾರೀನಲ್ಲಿ ತಾಮ್ರದ ಪಾತ್ರೆ ಬಡಿಯೋ ಸದ್ದು ಕೇಳುತ್ತೆ, ಅಲ್ಲಿಂದ ಸ್ವಲ್ಪ ನಡೆದ್ರೆ ಶುವಾರಾ ಅನ್ನೋ ಚರ್ಮ ಹದ ಮಾಡೋ ಜಾಗ, ಕಣ್ಣಿಗಿಂತ ಮುಂಚೆ ಮೂಗಿಗೆ ಸಿಗುತ್ತೆ. ನೋಡೋದು ಸುತ್ತಲಿನ ಚರ್ಮದಂಗಡಿಗಳ ಟೆರೇಸಿಂದ. ಹತ್ತೋ ಮುಂಚೆ ಒಂದು ಹಿಡಿ ಪುದೀನ ಕೈಗೆ ಕೊಡ್ತಾರೆ, ಮೂಗಿಗೆ ಇಟ್ಕೊಳ್ಳಿ, ನಾಚ್ಕೋಬೇಡಿ. ಕೆಳಗೆ ಕಲ್ಲಿನ ಗುಂಡಿಗಳು, ಬಿಳೀವು ಸುಣ್ಣ ಮತ್ತು ಪಾರಿವಾಳದ ಹಿಕ್ಕೆ ಕಲಸಿದ ನೀರು. ಸುಣ್ಣ ಕೂದಲು ಬಿಡಿಸುತ್ತೆ, ಹಿಕ್ಕೆ ಚರ್ಮ ಮೆತ್ತಗೆ ಮಾಡುತ್ತೆ, ಆಮೇಲೆ ಪಕ್ಕದ ಬಣ್ಣದ ಗುಂಡಿಗೆ. ತೊಡೆ ಮಟ್ಟ ನೀರಲ್ಲಿ ನಿಂತು ಒಬ್ಬ ತೊಗಲು ತುಳೀತಿರ್ತಾನೆ, ಎತ್ತಿ ಹಿಂಡ್ತಾನೆ, ಮತ್ತೆ ಮುಳುಗಿಸ್ತಾನೆ, ಮೇಲೆ ನಾವು ಪುದೀನ ಹಿಡ್ಕೊಂಡು ಫೋಟೊ ತೆಗೀತಿರ್ತೀವಿ, ಇರಿಸುಮುರಿಸು ಆಗುತ್ತೆ, ಆಗ್ಲೇಬೇಕು. ಬೆಳಿಗ್ಗೆ ಹೊತ್ತು ಕೆಲಸ ಜೋರು. ಇಳಿಯುವಾಗ ಅಂಗಡಿ ಮೂಲಕವೇ ಇಳಿಸ್ತಾರೆ, ಬ್ಯಾಗು, ಜಾಕೆಟ್ಟು ಎಲ್ಲ ತೋರಿಸ್ತಾರೆ, ಬೇಡದಿದ್ರೆ ಟೆರೇಸಿಗೆ ಅಂತ ಹತ್ತಿಪ್ಪತ್ತು ದಿರ್ಹಮ್ ಕೊಟ್ಟು ಬನ್ನಿ.

ಕತ್ತಲಾಗೋ ಮುಂಚೆ

ಗುರುತಿಗೆ ಅಂತ ‘ಕೆಂಪು ಚಪ್ಪಲಿ ನೇತಾಕಿರೋ ಅಂಗಡಿ’ ನೆನಪಿಟ್ಕೊಂಡಿದ್ರೆ ಅದು ಸಂಜೆ ಉಪಯೋಗಕ್ಕೆ ಬರಲ್ಲ, ಚಪ್ಪಲಿ ಒಳಗೆ ಹೋಗಿ ಬಾಗಿಲು ಹಾಕಿರುತ್ತೆ, ಎಲ್ಲಾ ಗಲ್ಲಿನೂ ಒಂದೇ ಥರ ಕಾಣುತ್ತೆ. ಶುಕ್ರವಾರ ಮಧ್ಯಾಹ್ನವೂ ಹಾಗೇ, ಹೆಚ್ಚು ಕಮ್ಮಿ ಎಲ್ಲ ಬಂದ್. ಅದಕ್ಕೇ ಟೈಲ್ಸ್ ಹಾಕಿದ ನಲ್ಲಿ ಕಟ್ಟೆ, ಮಿನಾರು, ಕಮಾನು, ಇಂಥ ಕದಲದೇ ಇರೋವನ್ನ ಗುರುತು ಮಾಡ್ಕೊಳ್ಳಿ. ಕಾಲು ಸೋತಿದ್ರೆ ಮತ್ತೆ ಹತ್ತೋ ಸಾಹಸ ಬೇಡ, ಇಳಿದು ರ್ಸೀಫ್ ಚೌಕಕ್ಕೆ ಬನ್ನಿ, ಅಲ್ಲಿವರೆಗೆ ಟ್ಯಾಕ್ಸಿ ಬರುತ್ತೆ. ಕೆಂಪು ಬಣ್ಣದ ಪೆಟಿಟ್ ಟ್ಯಾಕ್ಸಿ, ಅಂದ್ರೆ ಸಣ್ಣ ಟ್ಯಾಕ್ಸಿ, ಮೂರೇ ಜನ ಹತ್ತಿಸ್ತಾರೆ, ಮೀಟರ್ ಹಾಕಿ ಅಂತ ಹತ್ತುವಾಗಲೇ ಹೇಳಿ, ರಾತ್ರಿ ಮೀಟರ್ ಮೇಲೆ ಅರ್ಧ ಜಾಸ್ತಿ ಕೇಳಿದ್ರೆ ಅದು ಮೋಸ ಅಲ್ಲ, ರೂಲ್ಸೇ ಹಾಗಿದೆ.

ಗೈಡ್ ಬೇಕು ಅನ್ಸಿದ್ರೆ ಎರಡನೇ ದಿನಕ್ಕೆ ಇಟ್ಕೊಳ್ಳಿ, ಅಷ್ಟೊತ್ತಿಗೆ ನಿಮಗೇನು ಕೇಳ್ಬೇಕು ಅಂತ ಗೊತ್ತಿರುತ್ತೆ. ರಿಯಾದಿನೋರ ಹತ್ರ ಹೇಳಿ, ಸರ್ಕಾರಿ ಬ್ಯಾಡ್ಜ್ ಇರೋರನ್ನೇ ಕರೆಸಿ, ಅರ್ಧ ದಿನಕ್ಕೆ ಎಷ್ಟು ಅಂತ ಮಾತಾಡಿ, ‘ಕಾರ್ಪೆಟ್ ಅಂಗಡಿ ಬೇಡ’ ಅಂತ ಹೊರಡೋ ಮುಂಚೆನೇ ಹೇಳ್ಬಿಡಿ, ಒಂದ್ಸಲ ಕಾರ್ಪೆಟ್ಟಿನೋರು ಕೂರಿಸಿ ಟೀ ಕೊಟ್ರು ಅಂದ್ರೆ ಅರ್ಧ ದಿನ ಅಲ್ಲೇ ಮುಗಿಯುತ್ತೆ.